ಮೂರನೆಯ ಬೆಸುಗೆ

ನಾಗವ್ವ ಸಾಯುವ ಮುಂಚೆ ಮಗಳ ಕೈ ಹಿಡಿದು ಏನೋ ಹೇಳಿ ಹೋದಳು. ಏನು ಹೇಳಿದಳು ಎಂದು ಅವಳ ಗಂಡ ಧರ್ಮಣ್ಣ ಹನ್ನೊಂದು ತಿಂಗಳಾದರೂ ಮಗಳನ್ನು ವಿಚಾರಿಸಿರಲಿಲ್ಲ. ಮನಸ್ಸಿರಲಿಲ್ಲ ಎಂದಲ್ಲ, ಆ ಒಂದು ಮಾತಿಗಾಗಿ ಅವನ ಜೀವ ಹಪಹಪಿಸುತ್ತಿತ್ತು. ಆದರೆ ತಾಯಿ ಮಗಳಿಗೆಂದು ಹೇಳಿದ್ದನ್ನು ಗಂಟಲಿಗೆ ಕೈಹಾಕಿ ಹೊರತೆಗೆಯುವುದು ಯಾವ ದೊಡ್ಡಸ್ತಿಕೆ? ಹೇಳಬೇಕೆನಿಸಿದ ದಿನ ಶೈಲಾ ತಾನಾಗಿಯೇ ಹೇಳುತ್ತಾಳೆ ಎಂದು ಸುಮ್ಮನಿದ್ದ. ಮಾತು ಮಗಳ ಹತ್ತಿರ ಜೋಪಾನವಾಗಿದೆ ಎಂಬುದೇ ಅವನಿಗೊಂದು ಆಸರೆ. ಮುಂಬಯಿಯ ಆಂಟಾಪ್ ಹಿಲ್ಲಿನ ಆ ಒಂದೂವರೆ ಖೋಲಿಯ ಮನೆಗೆ ಮಾತಾಡಿಸಲು ಬಂದವರಿಗೆಲ್ಲ, "ನನಗೇನೂ ಹೇಳಲಿಲ್ರಿ, ಮಗಳಿಗೆ ಹೇಳಿ ಹ್ವಾದ್ಲು" ಎನ್ನುತ್ತಿದ್ದ. ಹಾಗೆನ್ನುವಾಗ ಆ ದುಃಖದಲ್ಲೂ ಸಣ್ಣದೊಂದು ಹೆಮ್ಮೆ ಇಣುಕುತ್ತಿತ್ತು. ಯಾಕೆಂದರೆ ಶೈಲಾ ಹುಟ್ಟುಕಿವುಡಿ. ಅವಳ ಕಿವಿಗೆ ಮಾತು ಬೀಳುವಂತೆ ಮಾಡಿದ್ದು ಅರ್ಧ ಡಾಕ್ಟರು, ಇನ್ನರ್ಧ ಧರ್ಮಣ್ಣನ ಕೈ.

ಆ ಕೈಯ ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಧರ್ಮಣ್ಣ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು, ಮುಂಬಯಿಗೆ ಬಂದು ಮೂವತ್ತೆರಡು ವರ್ಷ. ಮೊದಮೊದಲು ಬಿಲ್ಡಿಂಗುಗಳ ತಾರಸಿಗೆ ಡಿಶ್ ಕೂರಿಸುವವರ ಹಿಂದೆ ಕೇಬಲ್ಲಿನ ಸುರುಳಿ ಹೊತ್ತ. ಆಮೇಲೆ ಜೋಗೇಶ್ವರಿಯಲ್ಲಿ ರಮಾನಾಥ ಸೇಠರ ಗಾಲಾದಲ್ಲಿ ಕೆಲಸಕ್ಕೆ ಕುಳಿತವನು ಇವತ್ತಿಗೂ ಅದೇ ಸ್ಟೂಲಿನ ಮೇಲೆ ಕುಳಿತಿದ್ದಾನೆ. ಗಾಲಾ ಎಂದರೆ ಸಾಲು ಸಾಲು ಶಟರುಗಳ ಹಿಂದಿನ ಸಣ್ಣ ಕಾರ್ಖಾನೆ. ಪಕ್ಕದಲ್ಲಿ ಡಬ್ಬಿ ಮುಚ್ಚಳ ಮಾಡುವವರು, ಎದುರಿಗೆ ಬಟನ್ ಮಾಡುವವರು, ನಡುವೆ ಇವರು ಕೇಬಲ್ ದುರಸ್ತಿಯವರು. ಟಿವಿ ಕೇಬಲ್ ಎಂದು ಯಾರಾದರೂ ಅಂದರೆ ಧರ್ಮಣ್ಣನಿಗೆ ಸಿಟ್ಟು. ಶೂಟಿಂಗಿನ ಕ್ಯಾಮೆರಾದವರು, ಮೊಬೈಲ್ ಟವರಿನವರು, ಕಾಲೇಜು ಲ್ಯಾಬಿನವರು, ಬಂದರಿನಲ್ಲಿ ದೋಣಿಯ ಆಂಟೆನಾ ಕೆಟ್ಟವರು, ಎಲ್ಲರೂ ತಮ್ಮ ಕೋಯಾಕ್ಸ್ ಕೇಬಲ್ಲುಗಳನ್ನು ಅಲ್ಲಿಗೆ ತರುತ್ತಾರೆ. ನಡುವೆ ಒಂದು ತಾಮ್ರದ ತಂತಿ, ಅದರ ಸುತ್ತ ಬಿಳಿಯ ತಿರುಳು, ತಿರುಳಿನ ಮೇಲೆ ಕೂದಲೆಳೆಯಂಥ ತಂತಿಗಳಿಂದ ಹೆಣೆದ ಜಾಲರಿ, ಎಲ್ಲಕ್ಕೂ ಮೇಲೆ ರಬ್ಬರಿನ ಹೊದಿಕೆ. ಜಾಲರಿಯ ಒಂದೇ ಒಂದು ಎಳೆ ಒಳಗಿನ ತಂತಿಗೆ ತಾಗಿದರೂ ಆ ಕೇಬಲ್ ಮಣ್ಣುಪಾಲು.

ಬ್ಲೇಡು ಹಿಡಿದು ಆ ಹೊದಿಕೆಯನ್ನು ಸುಲಿಯುವಾಗ ಧರ್ಮಣ್ಣ ಉಸಿರು ಬಿಗಿಹಿಡಿಯುತ್ತಾನೆ. ಜಾಲರಿಗೆ ಗೀರು ಬೀಳಬಾರದು, ತಿರುಳು ಕರಗಬಾರದು. ಕೆಟ್ಟ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಕೂರಿಸುವುದು ಅವನ ನಿತ್ಯದ ಕೆಲಸ. ಹಾಗೆ ಕತ್ತರಿಸಿದಾಗಲೆಲ್ಲ ಕೇಬಲ್ ಒಂದೆರಡು ಬೆರಳು ಗಿಡ್ಡವಾಗುತ್ತದೆ. ಕೆಲವು ಕೇಬಲ್ಲುಗಳು ಜೋಡಿಯಾಗಿ ಬರುತ್ತವೆ, ಎರಡರ ಉದ್ದವೂ ಕೂದಲೆಳೆಯಷ್ಟೂ ವ್ಯತ್ಯಾಸವಾಗಬಾರದು. ಒಂದು ಕೆಟ್ಟು ಅದನ್ನು ಕತ್ತರಿಸಿದರೆ, ಚೆನ್ನಾಗಿರುವ ಇನ್ನೊಂದನ್ನೂ ಅಷ್ಟೇ ಕತ್ತರಿಸಬೇಕು. ಇದನ್ನು ಒಮ್ಮೆ ಮನೆಯಲ್ಲಿ ಹೇಳಿದಾಗ ನಾಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅಯ್ಯ, ಚಲೋ ಇದ್ದದ್ದ ಏನ ಪಾಪ ಮಾಡಿತ್ತು?" ಎಂದಿದ್ದಳು. "ಮದಿವಿ ಮಾಡ್ಕೊಂಡಿತ್ತಲ್ಲ, ಅದ ಪಾಪ" ಎಂದು ಧರ್ಮಣ್ಣ ನಕ್ಕಿದ್ದ.

ಗಾಲಾಕ್ಕೆ ಹೊಸಬರು ಬಂದರೆ ಧರ್ಮಣ್ಣನ ಪಾಠ ಒಂದೇ. ಮೀಟರಿನ ಎರಡು ಕಡ್ಡಿಗಳನ್ನು ಎರಡು ತುದಿಗೆ ಹಿಡಿದರೆ ಬೀಪ್ ಎನ್ನುತ್ತದೆ. ಬೀಪ್ ಬಂತೆಂದು ಹಿಗ್ಗಬೇಡಿ. ತಂತಿ ತುಂಡಾಗಿಲ್ಲ ಎಂದಷ್ಟೇ ಅದರ ಅರ್ಥ, ಸಿಗ್ನಲ್ ದಾಟುತ್ತದೆ ಎಂದಲ್ಲ. "ಬಾಗಲಾ ಐತಿ ಅಂದ್ರ ಮನ್ಯಾಗ ಮಂದಿ ಅದಾರ ಅಂತೇನು?" ಎಂದು ಗದರುತ್ತಿದ್ದ. ಗೋಡೆಯ ಪಕ್ಕ ಇಟ್ಟಿರುವ ದೊಡ್ಡ ಅನಲೈಜರ್ ಯಂತ್ರಕ್ಕೆ ಹಚ್ಚಿ, ಪರದೆಯ ಮೇಲೆ ಗೆರೆ ನೆಟ್ಟಗೆ ಓಡಿದ್ದನ್ನು ನೋಡದೆ ಒಂದು ಕೇಬಲ್ಲೂ ಶಟರ್ ದಾಟುವಂತಿಲ್ಲ. ರಮಾನಾಥ ಸೇಠರೇ ಅವಸರದಲ್ಲಿ ಒಮ್ಮೆ ಬೀಪ್ ನೋಡಿ ಕಳಿಸಿದ್ದಕ್ಕೆ ಧರ್ಮಣ್ಣ ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದ. ಕುಂದಾಪುರದ ಕಡೆಯ ಸೇಠರು ಮೆದು ಮನುಷ್ಯ, ಮೂರನೆಯ ದಿನ ತಾವೇ ಚಹಾ ತರಿಸಿ ಎದುರಿಗಿಟ್ಟರು.

ಶೈಲಾಗೆ ನಾಲ್ಕು ವರ್ಷವಾದಾಗ ಒಂದು ಟ್ರಸ್ಟಿನವರ ನೆರವಿನಿಂದ ಆಪರೇಷನ್ ಆಯಿತು. ತಲೆಬುರುಡೆಯ ಒಳಗೊಂದು ಸಣ್ಣ ಯಂತ್ರ. ಹೊರಗೆ ಕಿವಿಯ ಹಿಂದೆ ಇನ್ನೊಂದು. ಕೂದಲ ನಡುವೆ ಅಯಸ್ಕಾಂತದಿಂದ ಅಂಟಿಕೊಳ್ಳುವ ರೂಪಾಯಿಯಗಲದ ಬಿಲ್ಲೆ. ಕಿವಿಯ ಹಿಂದಿನ ಯಂತ್ರದಿಂದ ಆ ಬಿಲ್ಲೆಗೆ ಗೇಣುದ್ದದ ತೆಳ್ಳನೆಯ ಕೇಬಲ್. ಧರ್ಮಣ್ಣ ಮೊದಲ ದಿನವೇ ಅದನ್ನು ಬೆರಳಲ್ಲಿ ಹೊರಳಿಸಿ ನೋಡಿ, "ಇದು ನಮ್ಮ ಕೋಯಾಕ್ಸ್ ಅಲ್ಲೇನ್ರಿ!" ಎಂದು ಡಾಕ್ಟರಮ್ಮನ ಎದುರು ಕೂಗಿಬಿಟ್ಟಿದ್ದ. ಮಗಳ ಕಿವಿ ತನ್ನ ಕಸುಬಿನೊಳಗೇ ಬಂದು ಕೂತಿತಲ್ಲ ಎಂದು ಅವನಿಗೆ ಆದ ಆನಂದಕ್ಕೆ ಮಿತಿಯಿರಲಿಲ್ಲ.

ಯಂತ್ರ ಹಾಕಿದ ಕೂಡಲೇ ಮಾತು ತಿಳಿಯುವುದಿಲ್ಲ. ಅದನ್ನು ಕಲಿಸಬೇಕು. ಕಲಿಸಿದವಳು ನಾಗವ್ವ. ಮಗು ತುಟಿ ನೋಡಿ ಊಹಿಸುವ ಚಟಕ್ಕೆ ಬೀಳಬಾರದು, ಆದ್ದರಿಂದ ಬಾಯಿ ಮುಚ್ಚಿಕೊಂಡು ಮಾತಾಡಿ ಎಂದು ಆಸ್ಪತ್ರೆಯ ಟೀಚರು ಹೇಳಿಕೊಟ್ಟಿದ್ದರು. ಓದು ಬರಹ ಬಾರದ ನಾಗವ್ವ ಅದನ್ನು ವ್ರತದಂತೆ ಹಿಡಿದಳು. ದಿನಾ ಮುಂಜಾನೆ ಮಗಳನ್ನು ಎದುರಿಗೆ ಕೂರಿಸಿಕೊಂಡು, ಸೆರಗಿನಿಂದ ಬಾಯಿ ಮುಚ್ಚಿ, "ಅಕ್ಕಿ, ಬ್ಯಾಳಿ, ಉಪ್ಪು, ಖಾರ" ಎನ್ನುವಳು. ಮಗು ಆಯಾ ಡಬ್ಬಿಯನ್ನು ಮುಟ್ಟಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಎರಡು ವರ್ಷ ಹಾಗೆ ನಡೆಯಿತು. ಶೈಲಾ ದೊಡ್ಡವಳಾಗಿ ಕಾಲೇಜಿಗೆ ಹೋಗತೊಡಗಿದ ಮೇಲೂ ನಾಗವ್ವ ಆಗಾಗ ಸೆರಗು ಎಳೆದುಕೊಂಡು ಮಗಳನ್ನು ಪರೀಕ್ಷಿಸುವಳು. "ಅವ್ವಾ, ಬಸ್ ಹೋ ಗಯಾ, ಸಾಕ ಮಾಡ" ಎಂದು ಶೈಲಾ ರೇಗುವಳು. ಧರ್ಮಣ್ಣನಿಗೆ ಈ ಆಟ ಬರುತ್ತಿರಲಿಲ್ಲ. ಅವನು ಮಗಳ ಮುಖದೆದುರು ನಿಂತು, ಬಾಯಿ ಅಗಲಿಸಿ, "ಕೇಳಸ್ತೈತೇನವ್ವಾ?" ಎನ್ನುವವನು.

ಯಂತ್ರ ಗಟ್ಟಿ, ಕೇಬಲ್ ಮಾತ್ರ ನಾಜೂಕು. ಕೂದಲು ಬಾಚುವಾಗ ಜಗ್ಗುತ್ತದೆ, ಲೋಕಲ್ಲಿನ ನೂಕುನುಗ್ಗಲಲ್ಲಿ ಯಾರದೋ ಬ್ಯಾಗಿಗೆ ಸಿಕ್ಕುತ್ತದೆ. ಆ ಮಾಡೆಲಿನ ಕೇಬಲ್ ಮಾಡುವುದನ್ನು ಕಂಪನಿಯವರು ಎಂದೋ ನಿಲ್ಲಿಸಿದ್ದರು. ಮೊದಲ ಸಲ ತುಂಡಾದಾಗ ಧರ್ಮಣ್ಣ ಭೂತಗನ್ನಡಿ ಹಿಡಿದು ತುದಿ ಕತ್ತರಿಸಿ ಬೆಸೆದ. ಕೇಳಿಸಿತು. ಎರಡನೆಯ ಸಲವೂ ಬೆಸೆದ. ಆಗಲೂ ಕೇಳಿಸಿತು, ಆದರೆ ಕೇಬಲ್ ಗಿಡ್ಡವಾಗಿ ಬಿಲ್ಲೆಯನ್ನು ಎಳೆದೇ ಅಂಟಿಸಬೇಕಾಯಿತು. ಹೋದ ವರ್ಷ ಮಳೆಗಾಲದಲ್ಲಿ ಮೂರನೆಯ ಸಲ ತುಂಡಾಯಿತು. ಈ ಸಲ ಕತ್ತರಿಸಿದರೆ ಬಿಲ್ಲೆಯವರೆಗೆ ನಿಲುಕುವುದೇ ಇಲ್ಲ. ನಡುವೆ ಬೇರೆ ತುಂಡು ಸೇರಿಸಿ ಉದ್ದ ಮಾಡಬೇಕು.

ಆ ಹೊತ್ತಿಗೆ ನಾಗವ್ವನಿಗೆ ಶ್ವಾಸಕೋಶದ ರೋಗ ಬಲಿತು, ತಿಂಗಳಲ್ಲಿ ಹದಿನೈದು ದಿನ ಆಸ್ಪತ್ರೆ ಎಂಬಂತಾಗಿತ್ತು. ಧರ್ಮಣ್ಣ ಆಸ್ಪತ್ರೆಯ ವರಾಂಡದಲ್ಲೇ ಕುಳಿತು ಆ ಮೂರನೆಯ ಬೆಸುಗೆ ಹಾಕಿದ. ಮನೆಯಲ್ಲಿದ್ದ ಹಳೆಯ ಮೀಟರನ್ನು ಹಿಡಿದು ನೋಡಿದ, ಬೀಪ್ ಎಂದಿತು. ಮಗಳ ತಲೆಗೆ ಹಚ್ಚಿ, ಎದುರಿಗೆ ನಿಂತು, "ಕೇಳಸ್ತೈತೇನವ್ವಾ?" ಎಂದ. ಶೈಲಾ ನಕ್ಕು ತಲೆಯಾಡಿಸಿದಳು. ಅಷ್ಟೇ. ಊರಿಗೆಲ್ಲ ಅನಲೈಜರಿನ ಪಾಠ ಹೇಳಿದವನು ಮಗಳ ಕೇಬಲ್ಲನ್ನು ಜೋಗೇಶ್ವರಿಗೆ ಒಯ್ದು ಯಂತ್ರಕ್ಕೆ ಹಚ್ಚಲಿಲ್ಲ. ಪುರಸೊತ್ತಿರಲಿಲ್ಲ ನಿಜ. ಅದಕ್ಕಿಂತ ನಿಜವಾದ ಕಾರಣವೆಂದರೆ, ಯಂತ್ರದ ಗೆರೆಗಿಂತ ಮಗಳ ತಲೆಯಾಟ ದೊಡ್ಡ ಪುರಾವೆ ಎಂದು ಅವನು ನಂಬಿದ್ದ. ಯಾವ ಅಪ್ಪ ನಂಬುವುದಿಲ್ಲ?

ಮಹಾನವಮಿಗೆ ಎರಡು ದಿನ ಇತ್ತು. ವಾರ್ಡಿನಲ್ಲಿ ನಾಗವ್ವನದು ಬಾಗಿಲಿಗೆ ಮೊದಲನೆಯ ಹಾಸಿಗೆ. ಮೂಗು ಬಾಯಿ ಮುಚ್ಚುವಂತೆ ಆಕ್ಸಿಜನ್ ಮಾಸ್ಕ್. ಸಿಸ್ಟರು ಬರೆದುಕೊಟ್ಟ ಇಂಜೆಕ್ಷನ್ ತರಲು ಧರ್ಮಣ್ಣ ಕೆಳಗೆ ಹೋಗಿದ್ದ. ಲಿಫ್ಟಿಗೆ ಕಾಯದೆ ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ವಾರ್ಡಿನ ಬಾಗಿಲಿಗೆ ಬಂದಾಗ ಕಂಡದ್ದು ಇಷ್ಟು: ನಾಗವ್ವ ಮಗಳ ಕೈ ಹಿಡಿದಿದ್ದಾಳೆ, ಶೈಲಾ ಬಾಗಿ ತಾಯಿಯ ಮುಖವನ್ನೇ ನೋಡುತ್ತಿದ್ದಾಳೆ, ನೋಡುತ್ತ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದಾಳೆ. ನಾಗವ್ವನ ಮುಖದಲ್ಲಿ ಏನೋ ಒಂದು ಭಾರ ಇಳಿದಂತೆ ಕಂಡಿತು. ಅವನು ಹಾಸಿಗೆಯ ಹತ್ತಿರ ಹೋಗುವಷ್ಟರಲ್ಲಿ ಅವಳು ಕಣ್ಣು ಮುಚ್ಚಿದ್ದಳು. ಮತ್ತೆ ಮಾತಾಡಲಿಲ್ಲ, ಸಂಜೆಗೆ ಹೋಗಿಬಿಟ್ಟಳು.

ನಾಗವ್ವನ ತವರಿನಲ್ಲಿ ಒಂದು ರೂಢಿಯುಂಟು. ಹೋದವರು ಕಡೆಗೆ ಬಾಯಿಬಿಟ್ಟು ಏನು ಬೇಡಿದ್ದರೋ ಅದನ್ನು ವರ್ಷ ತುಂಬುವುದರೊಳಗೆ ತೀರಿಸಬೇಕು. ಸಣ್ಣದಿರಲಿ, ದೊಡ್ಡದಿರಲಿ. ಇಂಥವರಿಗೆ ಸೀರೆ ಉಡಿಸು ಎಂದಿದ್ದರೆ ಉಡಿಸಬೇಕು, ಇಂಥವರ ಕೂಡ ಮಾತು ಬಿಟ್ಟಿದ್ದೇನೆ, ನೀವು ಆಡಿ ಎಂದಿದ್ದರೆ ಹೋಗಿ ಆಡಬೇಕು. ಇಲ್ಲದಿದ್ದರೆ ಜೀವ ಹೊಸ್ತಿಲಲ್ಲೇ ಕೂತಿರುತ್ತದಂತೆ. ಈ ವರ್ಷ ಗಣಪತಿ ಹಬ್ಬ ಹತ್ತಿರ ಬಂದಾಗ ನಾಗವ್ವನ ತಮ್ಮ ಶೆಟ್ಟೆಪ್ಪ ಊರಿಂದ ಫೋನು ಮಾಡಿದ.

"ಮಾವಾ, ವರ್ಷದ ದಿನಾ ಬಂತು. ಅಕ್ಕ ಕಡೀಕ ಏನ ಬೇಡಿದ್ಲು? ತಯಾರಿ ಮಾಡ್ಕೋಬೇಕಲ್ಲ."

"ಶೈಲಾಗ ಹೇಳ್ಯಾಳಪ್ಪ."

"ಅದು ಹೋದ ವರ್ಷನೂ ಹೇಳಿದಿ. ಏನ ಹೇಳ್ಯಾಳ ಅದನ್ನ ಕೇಳೋ ಮಾರಾಯಾ. ಹುಡುಗಿ ನಾಚಕೊಂಡಿರಬೇಕು. ನೀನಾರ ಬಾಯಿ ಬಿಡು."

ಶೆಟ್ಟೆಪ್ಪ ಹೇಳಿದ್ದು ಸರಿಯಾಗಿಯೇ ಇತ್ತು. ರವಿವಾರ ಮಗಳನ್ನು ಕೂರಿಸಿಕೊಂಡು ವಿಚಾರಿಸುವುದೆಂದು ಧರ್ಮಣ್ಣ ಗಟ್ಟಿ ಮನಸ್ಸು ಮಾಡಿದ. ಅದಕ್ಕೂ ಮೊದಲು ಅವಳಿಗೊಂದು ಉಪಕಾರ ಮಾಡಬೇಕೆನ್ನಿಸಿತು. ಕೇಬಲ್ಲಿನ ಬೆಸುಗೆಯ ಹತ್ತಿರ ಹೊದಿಕೆ ಬಿರುಕು ಬಿಟ್ಟು, ಒಳಗಿನಿಂದ ತಾಮ್ರದ ಕಿಲುಬಿನ ಹಸಿರು ಇಣುಕುತ್ತಿದ್ದುದನ್ನು ಅವನು ನೋಡಿದ್ದ. ಶನಿವಾರ ಕಾಲೇಜಿಗೆ ರಜೆ. ಬೆಳಿಗ್ಗೆ ಹೊರಡುವಾಗ ಎದುರಿಗೆ ನಿಂತು, "ಕೇಬಲ್ ಕೊಡವ್ವಾ, ಮ್ಯಾಲಿಂದು ಹೊಸಾದು ಹಾಕಿ ಸಂಜಿಗೆ ತರ್ತೀನಿ" ಎಂದ. ಶೈಲಾ ಒಂದು ಮಾತೂ ಆಡದೆ ಬಿಚ್ಚಿ ಕೊಟ್ಟಳು. ಹಿಂದೆಲ್ಲ ಅರ್ಧ ಗಂಟೆಗೆ ಕೊಡಬೇಕಾದರೂ ಊರು ಒಂದು ಮಾಡುತ್ತಿದ್ದ ಹುಡುಗಿ. ತಾಯಿ ಇಲ್ಲದ ಮೇಲೆ ಎಷ್ಟು ಸಮಾಧಾನ ಕಲಿತಳಲ್ಲ ಎಂದುಕೊಂಡ ಧರ್ಮಣ್ಣ.

ವಡಾಲಾದಲ್ಲಿ ಗೋರೆಗಾಂವ್ ಲೋಕಲ್ ಹತ್ತಿ ಜೋಗೇಶ್ವರಿಗೆ ಬಂದವನು ಮಧ್ಯಾಹ್ನದ ಊಟವಾದ ಮೇಲೆ ಕೇಬಲ್ಲನ್ನು ಮೇಜಿನ ಮೇಲಿಟ್ಟ. ರಮಾನಾಥ ಸೇಠರು ಕನ್ನಡಕ ಏರಿಸಿಕೊಂಡು ಬಂದು ನೋಡಿದರು.

"ಮಗಳದ್ದಾ? ಮೊದಲು ಯಂತ್ರಕ್ಕೆ ಹಾಕಿ ನೋಡಿ ಮಾರಾಯ್ರೆ."

"ಬೀಪ್ ಬರ್ತೈತ್ರಿ ಸೇಠ. ಹೊದಿಕಿ ಅಷ್ಟ ಹೋಗೈತಿ."

"ಎಂತದ್ದು ಧರ್ಮಣ್ಣ? ಬೀಪ್ ಅಂತ ನೀವೇ ಹೇಳುವುದಾ?" ಎಂದು ಸೇಠರು ನಕ್ಕರು.

ಧರ್ಮಣ್ಣನೂ ನಕ್ಕ. ನಗುತ್ತಲೇ ಸಣ್ಣ ಕ್ಲಿಪ್ಪುಗಳಿಂದ ಕೇಬಲ್ಲನ್ನು ಅನಲೈಜರಿಗೆ ಹಚ್ಚಿದ. ಪರದೆಯ ಮೇಲೆ ಗೆರೆ ಶುರುವಾದದ್ದೇ ನೆಲ ಹಿಡಿಯಿತು. ಕ್ಲಿಪ್ಪು ಸಡಿಲವಿರಬೇಕೆಂದು ಬಿಗಿ ಮಾಡಿದ. ಬೇರೆ ಕ್ಲಿಪ್ಪು ಹಾಕಿದ. ಚೆನ್ನಾಗಿರುವ ಬೇರೊಂದು ಕೇಬಲ್ ಹಚ್ಚಿ ಯಂತ್ರವನ್ನೇ ಪರೀಕ್ಷಿಸಿದ. ಯಂತ್ರದಲ್ಲಿ ದೋಷವಿರಲಿಲ್ಲ. ಮೀಟರ್ ಹಿಡಿದರೆ ಬೀಪ್ ಬರುತ್ತಿತ್ತು, ಸಿಗ್ನಲ್ ಮಾತ್ರ ಆ ಕಡೆಯಿಂದ ಈ ಕಡೆಗೆ ದಾಟುತ್ತಿರಲಿಲ್ಲ.

"ಇದರಲ್ಲಿ ಅವಳಿಗೆ ಕೇಳುತ್ತಿತ್ತಾ?" ಸೇಠರ ನಗು ನಿಂತಿತ್ತು.

"ನಿನ್ನಿ ಮಟಾ ಕೇಳತಿತ್ರಿ" ಎಂದ ಧರ್ಮಣ್ಣ.

ಬೆಸುಗೆಯ ಮೇಲಿನ ಹೊದಿಕೆಯನ್ನು ಸೀಳಿ ತೆಗೆದ. ಒಳಗೆ ಜಾಲರಿ ಎಂಬುದೇ ಇರಲಿಲ್ಲ, ಹಸಿರು ಪುಡಿ ಇತ್ತು. ಆಸ್ಪತ್ರೆಯ ವರಾಂಡದಲ್ಲಿ ಅವಸರದಿಂದ ಹಾಕಿದ ಬೆಸುಗೆಗೆ ಅವನು ನೀರು ಒಳಗಿಳಿಯದಂತೆ ಮೇಣದ ಹಾಗೆ ಗಟ್ಟಿಯಾಗುವ ಅಂಟನ್ನು ತುಂಬಿರಲಿಲ್ಲ. ಮಗಳ ಬೆವರು ಹನಿ ಹನಿಯಾಗಿ ಒಳಗಿಳಿದಿತ್ತು. ಉಳಿದ ಒಂದೆರಡು ಎಳೆಗಳೇ ಬೀಪ್ ಎನ್ನುತ್ತಿದ್ದವು. ಗಿರಾಕಿಗಳು ಕೆಟ್ಟ ಕೇಬಲ್ ತಂದಾಗ ಧರ್ಮಣ್ಣ ಹಸಿರನ್ನು ಉಗುರಲ್ಲಿ ಕೆರೆದು, "ಇದು ಒಂದ ಮಳಿಗಾಲದ್ದು, ಇದು ಎರಡು ಮಳಿಗಾಲದ್ದು" ಎಂದು ತಿಂಗಳ ಸಮೇತ ಹೇಳುವವನು. ಅವನು ಹೇಳಿದ ಲೆಕ್ಕ ತಪ್ಪಿದ್ದೇ ಇಲ್ಲ. ಇವತ್ತು ಉಗುರು ಹಚ್ಚಲಿಲ್ಲ. ಬ್ರಷ್ಷು ತೆಗೆದುಕೊಂಡು ಪುಡಿಯನ್ನೆಲ್ಲ ಗುಡಿಸಿ ಡಬ್ಬಿಗೆ ಹಾಕಿದ. ಸೇಠರು ಅವನ ಮುಖ ನೋಡಿದರು, ತಮ್ಮ ಕಪಾಟಿನಿಂದ ಹೊರದೇಶದ ತೆಳ್ಳನೆಯ ಕೇಬಲ್ಲಿನ ಒಂದು ತುಂಡು ತಂದಿಟ್ಟು ಒಳಗೆ ಹೋದರು.

ಮೂರು ಗಂಟೆ ಹಿಡಿಯಿತು. ಹಳೆಯ ಕೇಬಲ್ಲನ್ನು ಪೂರ್ತಿ ತೆಗೆದು, ಬಿಲ್ಲೆಯಿಂದ ಕಿವಿಯ ಯಂತ್ರಕ್ಕೆ ಸಿಕ್ಕಿಸುವ ತುದಿಯವರೆಗೆ ಹೊಸ ತುಂಡು ಹಾಕಿದ. ಎಳೆ ಎಳೆಯಾಗಿ ಜಾಲರಿ ಬಿಡಿಸಿ ಬೆಸೆದ, ಅಂಟು ತುಂಬಿದ, ಅದು ಗಟ್ಟಿಯಾಗುವವರೆಗೆ ಕಾದ. ಅನಲೈಜರಿಗೆ ಹಚ್ಚಿದಾಗ ಗೆರೆ ನೆಟ್ಟಗೆ ಓಡಿತು. ಮೂವತ್ತು ವರ್ಷದ ಕಸುಬಿನಲ್ಲಿ ಅಷ್ಟು ಚೊಕ್ಕ ಕೆಲಸ ಅವನು ಮಾಡಿರಲಿಲ್ಲ. ಅದಕ್ಕಾಗಿ ಅವನಿಗೆ ಒಂದಿಷ್ಟೂ ಸಂತೋಷವಾಗಲಿಲ್ಲ.

ವಾಪಸು ಲೋಕಲ್ಲಿನಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕಿತ್ತು. ಕೂತು ಸಮಾಧಾನ ಹೇಳಿಕೊಂಡ. ಮೊನ್ನೆಯ ಮಳೆಗೆ ಕೆಟ್ಟಿರಬೇಕು. ಈ ವಾರದಲ್ಲೇ ಕೆಟ್ಟಿರಬೇಕು. ನಿನ್ನೆ ರಾತ್ರಿ ಊಟಕ್ಕೆ ಬಾರವ್ವಾ ಎಂದಾಗ ಬಂದಳಲ್ಲ? ಬಂದಳು. ಆದರೆ ಅವನು ತಟ್ಟೆ ಹಿಡಿದುಕೊಂಡು ಎದುರಿಗೇ ನಿಂತಿದ್ದ. ಮೊನ್ನೆ ಹೇಳಿದ ಮಾತಿಗೆ ನಕ್ಕಳಲ್ಲ? ಆಗಲೂ ಎದುರಿಗೇ ಇದ್ದ. ಅವನು ಎದುರಿಗೆ ನಿಲ್ಲದೆ ಮಗಳ ಜೊತೆ ಮಾತಾಡಿದ ಒಂದು ಗಳಿಗೆಯನ್ನೂ ನೆನಪಿಗೆ ತರಲಾಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮಾಹಿಮ್ ಬರುವಷ್ಟರಲ್ಲಿ ಅವನು ಹಿಂದಿನ ದಿನಗಳನ್ನು ಎಣಿಸುವುದನ್ನು ಬಿಟ್ಟು ಕಿಟಕಿಯ ಹೊರಗೆ ನೋಡತೊಡಗಿದ.

ಮನೆ ಮುಟ್ಟಿದಾಗ ಶೈಲಾ ಒಲೆಯ ಮುಂದೆ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದಳು. ಕೆಳಗೆ ಅಂಗಳದಲ್ಲಿ ಗಣಪತಿ ಮಂಡಳದ ಹುಡುಗರ ಢೋಲ್ ಅಭ್ಯಾಸ ಶುರುವಾಗಿತ್ತು. ಹದಿನೈದು ದಿನದಿಂದ ದಿನಾ ಸಂಜೆ ಇದೇ ಗದ್ದಲ. ಪಕ್ಕದ ಮನೆಯ ಹನುಮವ್ವ ಮಂಡಳದವರಿಗೆ ಎರಡು ಸಲ ಶಾಪ ಹಾಕಿ ಬಂದಿದ್ದಳು. ಧರ್ಮಣ್ಣ ಎದುರಿಗೆ ಹೋಗಿ ಕುಳಿತು, ಕೇಬಲ್ಲನ್ನು ಅವಳ ಕಿವಿಯ ಹಿಂದಿನ ಯಂತ್ರಕ್ಕೆ ಸಿಕ್ಕಿಸಿ, ಬಿಲ್ಲೆಯನ್ನು ಮಗಳ ಕೂದಲ ನಡುವೆ ಅಂಟಿಸಿದ.

ಶೈಲಾ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಚಾಕು ನೆಲಕ್ಕೆ ಬಿತ್ತು, ಆ ಸಪ್ಪಳಕ್ಕೂ ಬೆಚ್ಚಿದಳು. ಎದ್ದು ಕಿಟಕಿಗೆ ಓಡಿ ಕೆಳಗೆ ನೋಡಿದಳು. ತಿರುಗಿ, ಕಣ್ಣರಳಿಸಿ, "ಢೋಲ್! ಇವತ್ತ ಶುರು ಮಾಡ್ಯಾರೇನಪ್ಪಾ?" ಎಂದಳು.

ಅಂದಮೇಲೆ ತಾನೇನು ಅಂದೆ ಎಂಬುದು ಅವಳಿಗೆ ಹೊಳೆಯಿತು. ಮುಖ ಬಿಳಿಚಿತು. ಕಿಟಕಿಯ ಸರಳು ಹಿಡಿದುಕೊಂಡು ಅಲ್ಲೇ ನಿಂತಳು.

ಧರ್ಮಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದು ಬಾಯಿಗೆ ಅಡ್ಡ ಹಿಡಿದ. ಜೀವಮಾನದಲ್ಲಿ ಮೊದಲ ಸಲ ನಾಗವ್ವನ ಹಾಗೆ ಬಾಯಿ ಮುಚ್ಚಿಕೊಂಡು ಮಗಳನ್ನು ಕೇಳಿದ. "ಯಾವಾಗಿಂದ ಕೇಳಸ್ವಲ್ದವ್ವಾ?"

ಮುಚ್ಚಿದ ಬಾಯಿಯಿಂದ ಬಂದ ಅಪ್ಪನ ಮಾತು ಅವಳಿಗೆ ಪೂರ್ತಿ ತಿಳಿದಿತ್ತು, ಅದಕ್ಕೇ ಕಣ್ಣು ತುಂಬಿ ಬಂದವು.

"ಹ್ವಾದ ವರ್ಷ. ಗಣಪತಿ ಕೂಡೋ ಮುಂದ."

ಹೋದ ವರ್ಷ ಗಣಪತಿ ಕೂರುವಾಗ. ನಾಗವ್ವ ಹೋದದ್ದು ಮಹಾನವಮಿಗೆ ಎರಡು ದಿನ ಮೊದಲು. ಧರ್ಮಣ್ಣ ರೈಲಿನಲ್ಲಿ ಮಾಡಲೊಲ್ಲೆನೆಂದ ಎಣಿಕೆ ತಾನಾಗಿಯೇ ಆಗಿಹೋಯಿತು.

ಶೈಲಾ ಕನ್ನಡ, ಹಿಂದಿ ಕಲಸಿ, ತಡವರಿಸುತ್ತ ಹೇಳಿದಳು. ಮೂರನೆಯ ಬೆಸುಗೆ ಹಾಕಿದ ಮೇಲೆ ಕೆಲವು ವಾರ ಚೆನ್ನಾಗಿ ಕೇಳಿತ್ತು. ಆಮೇಲೆ ಒಗ್ಗರಣೆ ಸಿಡಿದ ಹಾಗೆ ಚಟಪಟ ಸದ್ದು. ಆಮೇಲೆ ಅದೂ ಇಲ್ಲ. ಅವ್ವ ಮನೆಗೆ ಬರಲಿ, ಆಗ ಹೇಳಿದರಾಯಿತು ಎಂದುಕೊಂಡಳು. ಅಪ್ಪ ಆಸ್ಪತ್ರೆಯಲ್ಲಿ ನಿದ್ದೆಗೆಟ್ಟು ಬೆಸೆದಿದ್ದಾನೆ, ದಿನಾ ಎದುರಿಗೆ ನಿಂತು ಅಷ್ಟು ಆಸೆಯಿಂದ ವಿಚಾರಿಸುತ್ತಾನೆ, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವ್ವ ಮನೆಗೆ ಬರಲೇ ಇಲ್ಲ. "ಆಮ್ಯಾಲೆ ಹೆಂಗ ಹೇಳ್ಲಿ? ಹೇಳಿದ್ರ ಸಬ್‌ಕೋ ಪತಾ ಚಲೇಗಾ." ಎಲ್ಲರಿಗೂ ಏನು ಗೊತ್ತಾಗುತ್ತದೆ ಎಂದು ಅವಳು ಬಿಡಿಸಿ ಹೇಳಬೇಕಾಗಿರಲಿಲ್ಲ. ತಾಯಿಯ ಕಡೆಯ ಮಾತಿಗೆ ತಾನು ಸುಳ್ಳು ತಲೆಯಾಡಿಸಿದೆ ಎಂಬುದನ್ನು ಆ ಹುಡುಗಿ ಹನ್ನೊಂದು ತಿಂಗಳು ಉಡಿಯಲ್ಲಿ ಕೆಂಡದಂತೆ ಕಟ್ಟಿಕೊಂಡು, ಎದುರಿಗಿದ್ದವರ ತುಟಿ ನೋಡಿಕೊಂಡೇ ಕಾಲೇಜಿಗೆ ಹೋಗಿದ್ದಳು, ಪರೀಕ್ಷೆ ಬರೆದಿದ್ದಳು, ಅಪ್ಪನಿಗೆ ರೊಟ್ಟಿ ಬಡಿದು ಹಾಕಿದ್ದಳು.

"ತುಟಿ ನೋಡಬೇಕಂದ್ರ ಮಾಸ್ಕ್ ಇತ್ತಪ್ಪಾ" ಎಂದಳು. "ಮಾಸ್ಕಿನಾಗ ಮೂರು ಸಲ ಉಗಿ ಕಟ್ತು. ಎರಡು ಸಣ್ಣವು, ಒಂದು ಉದ್ದಂದು. ಅಷ್ಟ ಕಂಡದ್ದು. ಅವ್ವ ನನ್ನ ಹಂಗ ನೋಡಾಕತ್ತಿದ್ಲು, ನಾ ಹೂಂ ಅಂದೆ."

ನಾಗವ್ವನಿಗೆ ಅನುಮಾನ ಬಂದಿರಲು ಸಾಧ್ಯವೇ ಇರಲಿಲ್ಲ. ಬಾಯಿ ಮುಚ್ಚಿಕೊಂಡೇ ಮಗಳಿಗೆ ಮಾತು ಕಲಿಸಿ, ಹದಿನೈದು ವರ್ಷ ಹಾಗೆಯೇ ಪರೀಕ್ಷಿಸಿದವಳು ಅವಳು. ಮಾಸ್ಕಿನ ಹಿಂದಿನಿಂದ ಆಡಿದ್ದು ಮಗಳಿಗೆ ಮುಟ್ಟಿತೆಂದು ನಂಬಿಯೇ ಕಣ್ಣು ಮುಚ್ಚಿರಬೇಕು. ಅದೊಂದೇ ಸಮಾಧಾನ.

ಶೈಲಾ ಹತ್ತಿರ ಬಂದು ಅಪ್ಪನ ಮುಂದೆ ಕುಳಿತಳು. ಕೆನ್ನೆ ಒರೆಸಿಕೊಂಡಳು. ಈಗ ಎಲ್ಲ ಹೊರಬಿದ್ದ ಮೇಲೆ ಅವಳ ಮುಖದಲ್ಲಿ ಒಂದು ಆಸೆ ಕಾಣುತ್ತಿತ್ತು. ಹೆದರಿ ಹೆದರಿ ಕೇಳಿದಳು.

"ಅಪ್ಪಾ, ಅವ್ವ ಅವತ್ತ ಏನಂದ್ಲು? ನೀ ಬಾಗಲದಾಗ ನಿಂತಿದ್ದಿ, ನಾ ನೋಡಿದ್ನಿ. ಹಾಸಿಗಿ ಅಲ್ಲೇ ಇತ್ತಲ್ಲ. ನೀ ಕೇಳಿದ್ದಿ. ಒಂದಿನಾ ನೀನ ಹೇಳ್ತಿ ಅಂತ ಇಷ್ಟ ದಿನಾ ದಾರಿ ಕಾದ್ನಿ."

ಧರ್ಮಣ್ಣ ಟವೆಲ್ಲಿನ ಹಿಂದೆಯೇ ಬಾಯಿ ತೆರೆದ. ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಚಲೋತ್ನಂಗ ಓದು ಅಂದ್ಲವ್ವಾ, ಅಪ್ಪನ್ನ ನೋಡ್ಕೋ ಅಂದ್ಲು. ಯಾವ ತಾಯಿಯಾದರೂ ಆಡಬಹುದಾದ ಮಾತು. ಮಗಳು ಅದನ್ನು ಜೀವವಿರುವ ತನಕ ಎದೆಯಲ್ಲಿಟ್ಟುಕೊಳ್ಳುತ್ತಿದ್ದಳು, ಶೆಟ್ಟೆಪ್ಪನೂ ಒಪ್ಪುತ್ತಿದ್ದ, ವರ್ಷದ ದಿನವೂ ಸಾಂಗವಾಗಿ ಆಗುತ್ತಿತ್ತು. ಆದರೆ ಪರೀಕ್ಷೆ ಮಾಡದೆ ಒಂದು ಕೇಬಲ್ಲನ್ನು ದಾಟಿಸಿ ಆದದ್ದು ಎದುರಿಗೇ ಕುಳಿತಿತ್ತು. ಹಾಗೆಯೇ ಒಂದು ಮಾತನ್ನೂ ದಾಟಿಸಲು ಅವನಿಂದ ಆಗಲಿಲ್ಲ.

ಟವೆಲ್ಲು ಕೆಳಗಿಳಿಸಿದ.

"ನಾ ಬರೂದ್ರಾಗ ಅಕಿ ಹೇಳಿ ಮುಗಿಸಿದ್ಲವ್ವಾ. ನನಗೂ ಕೇಳಿಸಿಲ್ಲ" ಎಂದ. "ನಿನ್ನ ಕಡೆ ಐತಿ ಅಂತ ನಾ ಕಾದಿದ್ನಿ."

ಶೈಲಾ ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಕೈಯೆತ್ತಿ, ಕಿವಿಯ ಹಿಂದಿನ ಯಂತ್ರವನ್ನೂ ಕೂದಲ ನಡುವಿನ ಬಿಲ್ಲೆಯನ್ನೂ ಒಂದೊಂದಾಗಿ ಒತ್ತಿ ನೋಡಿಕೊಂಡಳು. ಎರಡೂ ಸರಿಯಾಗಿಯೇ ಇದ್ದವು.